ಎರವಲು ಕೊಟ್ಟ ಬಿಲ್ಲೆ

ಬ್ರೆಡ್ ಕಾರ್ಖಾನೆಗೆ ಹೊಸದಾಗಿ ಸೇರುವವರು ಯಾರೇ ಆಗಲಿ, ಮೊದಲ ದಿನ ಹಿಟ್ಟು ಕಲಸುವ ಕೋಣೆಯಲ್ಲಿ ಅರ್ಧ ಗಂಟೆ ಕೂರಬೇಕು. ಪ್ಯಾಕಿಂಗಿನವರಾದರೂ ಅಷ್ಟೆ, ಲಾರಿಗೆ ತುಂಬುವವರಾದರೂ ಅಷ್ಟೆ. ಕೂರಲು ಕುರ್ಚಿ ಇಲ್ಲ, ಗೋಡೆಗೆ ಒರಗಿಸಿಟ್ಟ ಮೈದಾ ಚೀಲಗಳೇ ಆಸನ. ಮೇಸ್ತ್ರಿ ಬಂದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಎದ್ದವರ ಹಿಂಭಾಗವೆಲ್ಲ ಬೆಳ್ಳಗಾಗಿರುವುದನ್ನು ನೋಡಿ ಹಳಬರು ನಗುತ್ತಾರೆ.

ನಗು ಅಡಗಿದ ಮೇಲೆ ಮೇಸ್ತ್ರಿ ಒಂದು ಕಂಬದ ಪಕ್ಕ ನಿಂತು ಪಾಠ ಶುರುಮಾಡುತ್ತಾನೆ. ಕಂಬದ ಒಂದು ಕಡೆ ಹಿಟ್ಟು ಕಲಸುವ ಯಂತ್ರ. ಎಲ್ಲರೂ ಅದನ್ನು ಡ್ರಮ್ಮು ಅನ್ನುತ್ತಾರೆ. ಒಬ್ಬ ಮನುಷ್ಯ ಸೊಂಟದವರೆಗೆ ಬಗ್ಗಬಹುದಾದಷ್ಟು ದೊಡ್ಡ ಬಾಯಿ, ಒಳಗೆ ತಿರುಗುವ ಉಕ್ಕಿನ ತೋಳುಗಳು. ಹಿಟ್ಟಿನ ಧೂಳಿಗೆ ಕಿಡಿ ತಾಗಬಾರದೆಂದು ಸ್ವಿಚ್ಚನ್ನು ಕಂಬದ ಇನ್ನೊಂದು ಕಡೆ ಇಟ್ಟಿದ್ದಾರೆ. ಸ್ವಿಚ್ಚಿನ ಮುಂದೆ ನಿಂತವನಿಗೆ ಡ್ರಮ್ಮಿನ ಬಾಯಿ ಕಾಣುವುದಿಲ್ಲ.

"ಕಾಣಲ್ಲ ಅಲ್ವಾ? ಅದಕ್ಕೇ ಈ ಕೊಕ್ಕೆ," ಎನ್ನುತ್ತಾನೆ ಮೇಸ್ತ್ರಿ, ಸ್ವಿಚ್ಚಿನ ಕೆಳಗಿನ ಕಬ್ಬಿಣದ ಕೊಕ್ಕೆಯನ್ನು ಬೆರಳಿನಿಂದ ತಟ್ಟಿ. "ಈ ಕೋಣೆಯಲ್ಲಿ ಒಬ್ಬೊಬ್ಬನಿಗೂ ನಂಬರ್ ಹಾಕಿದ ಒಂದು ಹಿತ್ತಾಳೆ ಬಿಲ್ಲೆ ಇರುತ್ತೆ. ಒಂದೊಂದು ಕಂತು ಕಲಸಿದ ಮೇಲೂ ಡ್ರಮ್ಮಿನ ಒಳಗೆ ಅಂಟಿರೋ ಹಿಟ್ಟು ಕೆರೀಬೇಕು. ಒಳಗೆ ಬಗ್ಗೋನು ಮೊದಲು ತನ್ನ ಬಿಲ್ಲೆ ಇಲ್ಲಿ ತೂಗುಹಾಕ್ತಾನೆ. ಬಿಲ್ಲೆ ತೂಗ್ತಿದ್ರೆ ಸ್ವಿಚ್ ಮುಟ್ಟೋ ಹಾಗಿಲ್ಲ, ಮಾಲೀಕರೇ ಬಂದು ಹೇಳಿದ್ರೂ ಸರಿ. ಹಾಕಿದೋನೇ ಬಂದು ತೆಗೀಬೇಕು. ದೇವರ ಮೇಲೆ ಭಾರ ಹಾಕಿ ಒಳಗೆ ಬಗ್ಗಬೇಡಿ. ಬಿಲ್ಲೆ ಮೇಲೆ ಭಾರ ಹಾಕಿ ಬಗ್ಗಿ."

ಇಲ್ಲಿ ಒಂದಿಬ್ಬರು ನಗುತ್ತಾರೆ. ಮೇಸ್ತ್ರಿ ನಗುವುದಿಲ್ಲ. ಕೊನೆಯ ಮಾತಿಗೆ ಬರುತ್ತಾನೆ.

"ಕೆಲವು ವರ್ಷದ ಹಿಂದೆ ಇದೇ ಡ್ರಮ್ಮಿಗೆ ಒಬ್ಬ ಬಿಲ್ಲೆ ಹಾಕದೆ ಬಗ್ಗಿದ. ಒಳ್ಳೆ ಕೆಲಸಗಾರ. ಅವತ್ತೊಂದು ದಿನ ಮರೆತ. ಅಷ್ಟೇ."

ವರದಿಯಲ್ಲಿರುವುದೂ ಅಷ್ಟೇ. ಹನ್ನೊಂದು ವರ್ಷ, ಇಪ್ಪತ್ತಕ್ಕೂ ಹೆಚ್ಚು ತಂಡಗಳು, ಇದೇ ಮಾತು. ಕಾರ್ಖಾನೆಯಲ್ಲಿ ಅವನಿಗೆ ಬಿಲ್ಲೆ ಮೇಸ್ತ್ರಿ ಎಂದೇ ಹೆಸರಾಗಿದೆ. ಸತ್ತವನು ಅವನ ತಂಗಿಯ ಗಂಡ ಎಂಬುದು ಹಳಬರಿಗೆ ಗೊತ್ತು. ಅದನ್ನು ಬಾಯಿಬಿಟ್ಟು ಹೇಳದೆ, ಸ್ವಂತ ದುಃಖವನ್ನು ನುಂಗಿಕೊಂಡು ಪಾಠ ಹೇಳುತ್ತಾನಲ್ಲ ಎಂದು ಅವರಿಗೆ ಅವನ ಮೇಲೆ ಗೌರವ.

ಆ ಪಾಠ ಸುಳ್ಳೆಂಬುದು ಗೊತ್ತಿದ್ದದ್ದು ಅವನೊಬ್ಬನಿಗೇ.

ಆ ದಿನ ಅವನದೂ ತಂಗಿಯ ಗಂಡನದೂ ಬೆಳಗಿನ ಶಿಫ್ಟು. ಭಾವನನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದರು, ಬಾಯಿ ಮುಚ್ಚಿದ್ದನ್ನು ಕಂಡವರಿರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಅವನು ಕೆರೆಯುವ ಹಲಗೆ ಹಿಡಿದು ಬಂದು ಕೈ ಚಾಚಿದ. "ಭಾವ, ನನ್ನ ಬಿಲ್ಲೆ ಬಟ್ಟೆ ಬದಲಾಯಿಸೋ ಕೋಣೇಲಿ ಅಂಗಿ ಜೇಬಲ್ಲೇ ಉಳೀತು. ನಿಂದು ಕೊಡು. ಅಲ್ಲಿವರೆಗೆ ಯಾರು ಹೋಗ್ತಾರೆ?" ಮೇಸ್ತ್ರಿ ತನ್ನ ಹದಿನಾಲ್ಕನೇ ನಂಬರಿನ ಬಿಲ್ಲೆ ಕೊಟ್ಟ. ಭಾವ ಅದನ್ನು ಕೊಕ್ಕೆಗೆ ಹಾಕಿ ಕಂಬದ ಆ ಕಡೆ ಹೋದ. ಅಷ್ಟರಲ್ಲಿ ಒಲೆಯ ಕಡೆಯಿಂದ ಕರೆ ಬಂತು, ಅಚ್ಚುಗಳು ಸಾಲುತ್ತಿಲ್ಲ ಎಂದು. ಇವನು ಅಲ್ಲಿಗೆ ಹೋಗಿ ಕಾಲು ಗಂಟೆ ಜಗಳವಾಡಿ, ಸಿಟ್ಟಿನಲ್ಲೇ ವಾಪಸು ಬಂದ. ಮುಂದಿನ ಕಂತು ಕಲಸಲು ಹೊತ್ತಾಗಿತ್ತು. ಕೊಕ್ಕೆಯಲ್ಲಿ ತನ್ನದೇ ಬಿಲ್ಲೆ ತೂಗುತ್ತಿತ್ತು. ಹಿಂದಿನ ಕಂತು ಮುಗಿದ ಮೇಲೆ ತಾನು ಕೆರೆದಾಗ ಹಾಕಿದ್ದು, ತೆಗೆಯುವುದನ್ನು ಮರೆತೆ ಎಂದುಕೊಂಡ. ಅಂದುಕೊಂಡ ಎನ್ನುವುದೂ ಹೆಚ್ಚಾಯಿತು. ಹದಿನೈದು ವರ್ಷದ ರೂಢಿಯ ಕೈ ತಾನಾಗಿಯೇ ಮೇಲೆದ್ದು ಬಿಲ್ಲೆ ತೆಗೆದು ಜೇಬಿಗೆ ಹಾಕಿ ಸ್ವಿಚ್ಚು ಒತ್ತಿತು. ಹಾಕಿದವನೇ ತೆಗೆಯಬೇಕೆಂಬ ನಿಯಮದ ಪ್ರಕಾರ, ತನ್ನ ಬಿಲ್ಲೆಯನ್ನು ತಾನೇ ತೆಗೆದಿದ್ದ.

ವಿಚಾರಣೆಗೆ ಬಂದ ಮೂವರು ಅಧಿಕಾರಿಗಳು ಕೇಳಿದ್ದು ಒಂದೇ ಪ್ರಶ್ನೆ. ಕೊಕ್ಕೆಯಲ್ಲಿ ಬಿಲ್ಲೆ ಇತ್ತೆ?

"ಇರಲಿಲ್ಲ."

ಸತ್ತವನ ಒಂಬತ್ತನೇ ನಂಬರಿನ ಬಿಲ್ಲೆ ಅವನ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಮೃತನ ನಿರ್ಲಕ್ಷ್ಯವೇ ಕಾರಣ ಎಂದು ಬರೆದು ಫೈಲು ಕಟ್ಟಿದರು.

ಅವತ್ತೇ ತಂಗಿಗೆ ನಿಜ ಹೇಳಬೇಕೆಂದು ಅವಳ ಮನೆಯ ಬಾಗಿಲವರೆಗೆ ಹೋಗಿದ್ದ. ಅವಳು ಅವನ ಎರಡೂ ಕೈ ಹಿಡಿದು, "ನೀನೊಬ್ಬನಾದ್ರೂ ಉಳಿದ್ಯಲ್ಲ ಅಣ್ಣ," ಎಂದು ಕುಸಿದಳು. ಆ ಕೈಗಳನ್ನು ಬಿಡಿಸಿಕೊಂಡು ಹೇಳುವ ಮಾತಾಗಿರಲಿಲ್ಲ ಅದು. ನಾಳೆ ಎಂದುಕೊಂಡ. ನಾಳೆಗೆ ಇನ್ನೊಂದು ನಾಳೆ ಸೇರಿತು.

ಮಾತಿನ ಬದಲು ಕೆಲಸಕ್ಕೆ ಬಿದ್ದ. ತಂಗಿ ಶಾಲೆಯ ಯೂನಿಫಾರಂ ಹೊಲಿದು ಮಗಳನ್ನು ಸಾಕುತ್ತಿದ್ದಳು. ಅವಳ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವವನು ಇವನು, ಸೋರುವ ನಲ್ಲಿಗೆ ವಾಷರ್ ಹಾಕುವವನು ಇವನು. ಸೊಸೆ ಪುಟ್ಟಿಗೆ ಆಗ ಎಂಟು ವರ್ಷ. ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವವನೂ, ಸಂಜೆ ಲೆಕ್ಕ ಹೇಳಿಕೊಡಲು ಬಾರದಿದ್ದರೂ ಪಕ್ಕದಲ್ಲಿ ಕೂರುವವನೂ ಇವನೇ. ತನಗೆ ಗೊತ್ತುಮಾಡಿದ್ದ ಹೆಣ್ಣಿನ ಮನೆಗೆ ಮದುವೆ ಬೇಡವೆಂದು ಹೇಳಿಕಳಿಸಿದ. ಸೈಕಲ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ, ಒಂದು ಕುರ್ಚಿ, ಒಂದು ಚಾಪೆ. ಇಂಥ ಅಣ್ಣ ಯಾರಿಗೆ ಸಿಗುತ್ತಾನೆ ಎಂದು ಬೀದಿಯವರೆಲ್ಲ ಹೇಳುವರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ದಾರಿ ಬದಲಿಸುವನು.

ಭಾನುವಾರ ಮೂವರೂ ಚರ್ಚಿಗೆ ಹೋಗಿಬಂದು ತಂಗಿಯ ಮನೆಯಲ್ಲೇ ಊಟ. ಅನ್ನಕ್ಕೆ ಸಾರು ಬಡಿಸುತ್ತಾ ಅವಳು ಒಂದಲ್ಲ ಒಂದು ನೆಪದಲ್ಲಿ ಗಂಡನನ್ನು ಬೈಯುವಳು. "ಒಂದು ಬಿಲ್ಲೆ, ಅಣ್ಣ. ಬೆರಳಗಲದ ಬಿಲ್ಲೆ. ತೂಗುಹಾಕೋಕೆ ಏನಾಗಿತ್ತು ಅವರಿಗೆ? ಹೆಂಡತಿ ಮಗು ನೆನಪಿದ್ದಿದ್ರೆ ಮರೀತಿದ್ರಾ?" ಅವನು ತಲೆ ತಗ್ಗಿಸಿ ತುತ್ತು ಕಲಸುವನು.

ಚರ್ಚು ಚಿಕ್ಕದು. ತಗಡಿನ ಮಾಡು, ಹದಿನೆಂಟು ಬೆಂಚು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಕ್ರಿಸ್ತ ತನ್ನ ದೇಹವನ್ನು ಜನರಿಗಾಗಿ ಕೊಟ್ಟದ್ದರ ನೆನಪಿಗೆ ರೊಟ್ಟಿ ಮುರಿದು ಹಂಚುವುದು. ಅದಕ್ಕೆ ಬೇಕಾದ ರೊಟ್ಟಿಯನ್ನು ಮೇಸ್ತ್ರಿಯೇ ಮಾಡಿ ತರುತ್ತಿದ್ದ. ಡ್ರಮ್ಮಿನ ಹಿಟ್ಟಲ್ಲ, ತನ್ನ ಮಹಡಿ ಕೋಣೆಯಲ್ಲಿ ಕೈಯಾರೆ ನಾದಿ ಕಾರ್ಖಾನೆಯ ಒಲೆಯ ಮೂಲೆಯಲ್ಲಿ ಬೇಯಿಸಿದ್ದು. ಜನ ಸಾಲಾಗಿ ಮುಂದೆ ಹೋಗಿ ಮೊಣಕಾಲೂರಿ ಆ ರೊಟ್ಟಿಯ ತುಣುಕನ್ನು ಅಂಗೈಯಲ್ಲಿ ತೆಗೆದುಕೊಳ್ಳುವರು. ಮಾಡಿದವನು ಕೊನೆಯ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಯಾರಾದರೂ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುವನು.

"ಎಂಥ ಶಿಸ್ತಿನ ಹೊಟ್ಟೆಯಪ್ಪ ನಿಂದು," ಎಂದಿದ್ದರು ಒಮ್ಮೆ ಪಾದ್ರಿಗಳು. "ತಿಂಗಳಿಗೊಂದೇ ಸಲ ಕೆಡುತ್ತೆ, ಅದೂ ತಪ್ಪದೆ ಮೊದಲನೇ ಭಾನುವಾರ." ಅವರು ವಯಸ್ಸಾದವರು, ಈಗಲೂ ಸೈಕಲ್ ತುಳಿಯುವವರು. ಹೆಚ್ಚು ಕೆದಕಲಿಲ್ಲ.

ಹೀಗೆಯೇ ನಡೆದುಹೋಗುತ್ತಿತ್ತು. ಆದರೆ ಪುಟ್ಟಿಗೆ ಹತ್ತೊಂಬತ್ತಾಯಿತು, ಕೆಲಸ ಬೇಕಾಯಿತು. ಯಾರಿಗೂ ಹೇಳದೆ ಅರ್ಜಿ ಹಾಕಿ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಆಯ್ಕೆಯಾಗಿ ಬಂದಳು. ತಂಗಿ ಒಂದು ದಿನ ಊಟ ಬಿಟ್ಟಳು, ಆಮೇಲೆ, "ನಿನ್ನ ಮಾವ ಇದಾನಲ್ಲ ಅಲ್ಲಿ," ಎಂದು ಒಪ್ಪಿದಳು.

ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಮೇಸ್ತ್ರಿ ಅವಳಿಗೆ ಹೇಳಿದ. "ಇಲ್ಲಿ ನನ್ನನ್ನ ಮಾವ ಅನ್ನಬೇಡ, ಮೇಸ್ತ್ರಿ ಅನ್ನು."

"ಸರಿ ಮಾವ."

"ಇನ್ನೊಂದು. ಇವತ್ತಿನ ಪಾಠಕ್ಕೆ ನೀನು ಕೂರೋದು ಬೇಡ. ನಾನು ಆಫೀಸಲ್ಲಿ ಹೇಳ್ತೀನಿ."

"ಎಲ್ಲರೂ ಕೂತ್ಕೋಬೇಕಂತಲ್ಲ. ಅಪ್ಪನ ವಿಷಯ ಹೇಳ್ತೀಯ ಅಂತ ಗೊತ್ತು. ನನಗೇನು ಹೊಸದಾ?"

ಒಂಬತ್ತು ಜನ. ಅವಳು ಕೊನೆಯ ಚೀಲದ ಮೇಲೆ, ಟೊಪ್ಪಿಗೆಯೊಳಗೆ ಕೂದಲು ಸಿಕ್ಕಿಸಿಕೊಂಡು ಕೂತಳು. ಮೇಸ್ತ್ರಿ ಕಂಬ ತೋರಿಸಿದ, ಕೊಕ್ಕೆ ತೋರಿಸಿದ. ದೇವರ ಮೇಲೆ ಭಾರ ಹಾಕುವ ಮಾತು ಬಂದಾಗ ಎಂದಿನಂತೆ ಇಬ್ಬರು ನಕ್ಕರು. ಕೊನೆಯ ಮಾತನ್ನು ಗೋಡೆ ನೋಡಿಕೊಂಡು ಹೇಳಿದ. ಲಾರಿ ವಿಭಾಗಕ್ಕೆ ಬಂದಿದ್ದ ಗಡ್ಡದವನೊಬ್ಬ ತೊಡೆ ತಟ್ಟಿಕೊಂಡ.

"ಅಷ್ಟೂ ಬುದ್ಧಿ ಬೇಡ್ವಾ ಮೇಸ್ತ್ರಿ? ಸಾಯೋಕೆ ಅಂತಲೇ ಹೋದ ಹಾಗಿದೆ ಆಸಾಮಿ!"

ಪುಟ್ಟಿ ತಲೆ ಎತ್ತಲಿಲ್ಲ. "ಬುದ್ಧಿ ಇತ್ತು," ಎಂದಳು, ಮೆಲ್ಲಗೆ. "ಅವತ್ತೊಂದು ದಿನ ಮರೆತ್ರು. ಅವರು ನಮ್ಮಪ್ಪ."

ಯಂತ್ರ ನಿಂತಿತ್ತು. ಗಡ್ಡದವನ ಮುಖ ಹುಳ್ಳಗಾಯಿತು. ಮೇಸ್ತ್ರಿ ಸೊಸೆಯನ್ನು ನೋಡಿದ. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು. ತಪ್ಪೇ ಮಾಡದ ಅಪ್ಪನ ಪರವಾಗಿ, ತಪ್ಪನ್ನು ಒಪ್ಪಿಕೊಂಡು ವಾದಿಸುತ್ತಿದ್ದಾಳೆ. ಆ ಕೆಂಪು ಕಿವಿ ಅವನಿಗೆ ನೋಡಲಾಗಲಿಲ್ಲ.

"ಇಲ್ಲ," ಎಂದ. "ಅವನು ಮರೆತಿರಲಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಪಾಠ ಮುಗಿಯಿತೆಂದು ಎಲ್ಲರನ್ನೂ ಕಳಿಸಿದ. ಪುಟ್ಟಿ ಹೋಗಲಿಲ್ಲ.

"ಮಾವ, ಏನಂದೆ ನೀನು ಈಗ?"

"ಸಂಜೆ ಹೇಳ್ತೀನಿ. ಅಮ್ಮನ ಮುಂದೆ ಹೇಳ್ತೀನಿ. ಒಂದೇ ಸಲ ಹೇಳೋಕೆ ಆಗೋದು ನನ್ನ ಕೈಲಿ."

ಶಿಫ್ಟು ಮುಗಿದ ಮೇಲೆ ಇಬ್ಬರೂ ನಡೆದೇ ಬಂದರು. ಇಪ್ಪತ್ತೈದು ನಿಮಿಷದ ದಾರಿ. ಅವಳು ಒಂದು ಮಾತೂ ಕೇಳಲಿಲ್ಲ, ಅವನ ಹೆಜ್ಜೆಗೆ ಹೆಜ್ಜೆ ಹಾಕಿದಳು. ಈ ದಾರಿ ಮುಗಿದರೆ ತನಗೆ ಈ ಲೋಕದಲ್ಲಿ ಇರುವ ಇಬ್ಬರೂ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ತಂಗಿ ಕಿಟಕಿಯ ಬಳಿ ನೀಲಿ ಲಂಗವೊಂದಕ್ಕೆ ಅಂಚು ಹೊಲಿಯುತ್ತಿದ್ದಳು. ಅವನು ನಿಂತೇ ಹೇಳಿದ. ಬಿಲ್ಲೆ ಕೊಟ್ಟಿದ್ದು, ಮರೆತದ್ದು, ತೆಗೆದದ್ದು, ಅಧಿಕಾರಿಗಳಿಗೆ ಹೇಳಿದ ಒಂದು ಮಾತು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಹನ್ನೊಂದು ವರ್ಷ ಹೊತ್ತದ್ದು ಹೇಳುವಾಗ ಮೂರು ನಿಮಿಷದಲ್ಲಿ ಮುಗಿಯಿತು. ಅವಳ ಕೈ ನಿಂತಿತ್ತು, ಕಾಲು ಮಾತ್ರ ಪೆಡಲನ್ನು ತುಳಿಯುತ್ತಲೇ ಇತ್ತು. ಸೂಜಿ ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಬಟ್ಟೆ ಗಂಟಾಯಿತು.

"ಕೊಕ್ಕೆಯಲ್ಲಿ ಬಿಲ್ಲೆ ಇತ್ತಾ?"

"ಇತ್ತು."

"ಅವರೇ ಹಾಕಿದ್ರಾ?"

"ಅವನೇ ಹಾಕಿದ್ದ."

ಕಾಲು ನಿಂತಿತು. "ಹನ್ನೊಂದು ವರ್ಷ ನಾನು ಅವರನ್ನ ಬೈದೆ. ಸತ್ತೋರನ್ನ. ಹೆಂಡತಿ ಮಗು ನೆನಪಿರಲಿಲ್ಲ ಅಂತ ಬೈದೆ. ನೀನು ಎದುರಿಗೆ ಕೂತು ಊಟ ಮಾಡ್ತಾ ಕೇಳಿಸ್ಕೊಂಡೆ. ಗಂಟಲಲ್ಲಿ ಹೇಗೆ ಇಳೀತು ನಿನಗೆ?"

ಅವನು ಗಂಟಾದ ಲಂಗವನ್ನೇ ನೋಡುತ್ತಿದ್ದ.

"ಈ ನಲ್ಲಿ ರಿಪೇರಿ, ಈ ಮಿಷಿನ್ನಿಗೆ ಎಣ್ಣೆ, ಇವಳನ್ನ ಶಾಲೆಗೆ ಬಿಟ್ಟಿದ್ದು. ನಾನು ಅಣ್ಣನ ಪ್ರೀತಿ ಅಂದ್ಕೊಂಡಿದ್ದೆ."

"ಪ್ರೀತಿನೂ ಇತ್ತು."

"ಎಷ್ಟು?"

ಯಾವುದು ಪ್ರೀತಿ, ಯಾವುದು ಭಯ ಎಂದು ಅವನಿಗೇ ಬಿಡಿಸಲಾಗುತ್ತಿರಲಿಲ್ಲ.

"ಹೋಗು. ಇನ್ನು ಈ ಮನೆಯ ಒಂದು ಮೊಳೆಯನ್ನೂ ನೀನು ಮುಟ್ಟಬೇಡ."

ಪುಟ್ಟಿ ಗೋಡೆಗೆ ಒರಗಿ ನಿಂತಿದ್ದಳು. ಅವನು ಹೊರಟಾಗ ಬಾಗಿಲವರೆಗೂ ಬರಲಿಲ್ಲ.

ಮಾರನೆಯ ದಿನ ಮ್ಯಾನೇಜರ ಮುಂದೆ ಕೂತು ಎಲ್ಲವನ್ನೂ ಬರೆದುಕೊಟ್ಟ. ಮ್ಯಾನೇಜರು ಓದಿ ಕನ್ನಡಕ ತೆಗೆದಿಟ್ಟರು. "ಫೈಲು ಮುಚ್ಚಿ ಯಾವ ಕಾಲವಾಯ್ತು. ಈಗ ಯಾಕ್ರೀ ಇದು? ನಿಮಗೇ ತೊಂದರೆ."

"ಹೌದು ಸರ್."

"ಮತ್ತೆ?"

"ಅವನ ಹೆಸರು ಅದರಲ್ಲಿದೆಯಲ್ಲ ಸರ್."

ಮೇಸ್ತ್ರಿಗಿರಿ ಹೋಯಿತು. ಗೋದಾಮಿನಲ್ಲಿ ಚೀಲ ಇಳಿಸಲು ಹಾಕಿದರು. ಫೈಲು ಮತ್ತೆ ಇಲಾಖೆಗೆ ಹೋಯಿತು. ಅವನ ಮೇಲೆ ಏನು ಕ್ರಮ ಬರುತ್ತದೋ ಯಾರೂ ಹೇಳಲಾರದಾದರು. ಹಳಬರು ಚಹಾದ ಹೊತ್ತಿಗೆ ಅವನಿದ್ದ ಬೆಂಚಿನಿಂದ ಎದ್ದು ಹೋಗತೊಡಗಿದರು. ಒಲೆಯ ಮುದುಕನೊಬ್ಬ ಮಾತ್ರ ಎದುರಿಗೇ ನಿಂತು ಚುಚ್ಚಿದ. "ಒಂದು ನಿಜ ಬೇಯೋಕೆ ಹನ್ನೊಂದು ವರ್ಷವಾ? ಇಂಥ ಒಲೆ ನಾನೆಲ್ಲೂ ನೋಡಿಲ್ಲ ಬಿಡು." ರೇಡಿಯೋನ ಪಕ್ಕದಲ್ಲಿ ಇಪ್ಪತ್ತು ವರ್ಷ ದುಡಿದವನು ಆತ. ಅವನಿಗೆ ಆ ಹಕ್ಕಿತ್ತು.

ನಿಜ ಹೇಳಿದರೆ ಎದೆ ಹಗುರಾಗುತ್ತದೆಂದು ಜನ ಹೇಳುತ್ತಾರೆ. ಅವನಿಗೆ ಹಾಗಾಗಲಿಲ್ಲ. ಸಂಜೆ ಕೋಣೆಗೆ ಬಂದರೆ ಕೈಗೆ ಕೆಲಸವಿರಲಿಲ್ಲ. ಯಾರ ನಲ್ಲಿಯೂ ಸೋರುತ್ತಿರಲಿಲ್ಲ. ಚಾಪೆಯ ಮೇಲೆ ಕೂತು ತನ್ನ ಎರಡು ಅಂಗೈಗಳನ್ನು ನೋಡಿಕೊಳ್ಳುವನು. ಕೆಳಗೆ ಸೈಕಲ್ ಅಂಗಡಿಯಲ್ಲಿ ಗಾಳಿ ಹೊಡೆಯುವ ಸದ್ದು. ಈ ಹನ್ನೊಂದು ವರ್ಷ ದುಡಿದು ದುಡಿದು ತಾನೊಂದು ಗೋಡೆ ಕಟ್ಟಿಕೊಂಡಿದ್ದೆ, ಈಗ ಅದೂ ಬಿತ್ತು ಎನಿಸುವುದು.

ತಿಂಗಳ ಕೊನೆಗೆ ಪಾದ್ರಿಗಳ ಮನೆಗೆ ಹೋದ. ಅವರು ಸೈಕಲ್ ಬೋರಲು ಹಾಕಿಕೊಂಡು ಸರಪಳಿ ಒರೆಸುತ್ತಿದ್ದರು. ಎಲ್ಲವನ್ನೂ ಕೇಳಿದರು. ಆಗಲೇ ಊರೆಲ್ಲ ಸುತ್ತಿದ್ದ ಸುದ್ದಿ, ಆದರೂ ಮೊದಲ ಸಲ ಕೇಳುವವರಂತೆ ಕೇಳಿದರು.

"ರೊಟ್ಟಿ ಇನ್ನು ನನ್ನ ಕೈಲಿ ಬೇಡ ಅಯ್ಯನವರೇ. ಬೇರೆ ಯಾರಿಗಾದ್ರೂ ಹೇಳಿ."

"ಆಗಲಿ, ಅಂಗಡಿಯಿಂದ ತರಿಸ್ತೀನಿ. ನೀನು ಬರ್ತೀಯ ತಾನೆ?"

"ಬಂದು ಹಿಂದೆ ಕೂರ್ತೀನಿ."

"ಮುಂದಕ್ಕೆ ಯಾವಾಗ ಬರ್ತೀಯ?"

"ತಂಗಿ ಹೊಟ್ಟೆಗೆ ಹಾಕಿಕೊಂಡ ಮೇಲೆ."

"ಹಾಕಿಕೊಳ್ಳದೇ ಇದ್ರೆ?"

ಪಾದ್ರಿಗಳು ಎಣ್ಣೆ ಬಟ್ಟೆ ಕೆಳಗಿಟ್ಟರು.

"ಕೇಳು. ಅವಳ ನೋವು ಅವಳದ್ದು. ಬೇಗ ಕ್ಷಮಿಸು ಅಂತ ನೀನೂ ಕೇಳಬಾರದು, ನಾನೂ ಹೇಳಲ್ಲ. ಆದರೆ ನೀನು ಒಂದು ತಪ್ಪು ಮಾಡ್ತಾ ಇದೀಯ. ಆಗ ಅವಳ ನಲ್ಲಿ ರಿಪೇರಿ ಮಾಡಿ ಒಳ್ಳೆಯವನಾಗೋಕೆ ನೋಡ್ದೆ. ಈಗ ನಿಜ ಹೇಳಿ, ಕೆಲಸ ಕಳ್ಕೊಂಡು, ಶಿಕ್ಷೆ ತಿಂದು ಒಳ್ಳೆಯವನಾಗೋಕೆ ನೋಡ್ತಿದೀಯ. ಎರಡೂ ಒಂದೇ. ಒಳ್ಳೆಯವನಾದ ಮೇಲೆ ಬಾ ಅಂತ ರೊಟ್ಟಿ ಕೊಡೋ ಕಡೆ ಬೋರ್ಡು ಹಾಕಿಲ್ಲಪ್ಪ. ಹಾಕಿದ್ರೆ ನಾನೂ ಹೊರಗೇ ನಿಂತಿರ್ತಿದ್ದೆ."

"ನನ್ನ ಕೈಲಿ ಏನೂ ಇಲ್ಲ ಈಗ."

"ಮತ್ತೆ? ರೊಟ್ಟಿ ತಗೊಳ್ಳೋಕೆ ಖಾಲಿ ಕೈಯೇ ಬೇಕಲ್ಲ. ಮುಷ್ಟಿ ಕಟ್ಟಿದ ಕೈಗೆ ನಾನು ಹೇಗೆ ಕೊಡಲಿ?"

ಮೊದಲ ಭಾನುವಾರ ಅವನು ಕೊನೆಯ ಬೆಂಚಿನಲ್ಲೇ ಕೂತ. ತಂಗಿ ಬಂದಿರಲಿಲ್ಲ, ನಿಜ ತಿಳಿದಂದಿನಿಂದ ಬರುತ್ತಿರಲಿಲ್ಲ. ಸಾಲು ಮುಂದೆ ಸಾಗಿತು, ಕರಗಿತು. ಎಲ್ಲರೂ ವಾಪಸು ಬಂದು ಕೂತ ಮೇಲೂ ಪಾದ್ರಿಗಳು ತಟ್ಟೆ ಹಿಡಿದು ನಿಂತೇ ಇದ್ದರು. ಯಾರನ್ನೂ ನೋಡಲಿಲ್ಲ, ಕರೆಯಲಿಲ್ಲ, ನಿಂತಿದ್ದರು ಅಷ್ಟೆ. ಅವನು ಎದ್ದ. ಹದಿನೆಂಟು ಬೆಂಚುಗಳ ನಡುವಿನ ದಾರಿ. ಎರಡೂ ಕಡೆಯಿಂದ ಜನ ನೋಡುತ್ತಿದ್ದರು. ಆ ನೋಟಗಳಲ್ಲಿ ಕರುಣೆ ಇರಲಿಲ್ಲ, ಇರಬೇಕೆಂದೂ ಅವನು ಬಯಸಲಿಲ್ಲ. ಮೊಣಕಾಲೂರಿ ಕೈ ಚಾಚಿದ. ಬೆರಳುಗಳು ಬಿಚ್ಚಲು ತಡವಾಯಿತು.

"ಕ್ರಿಸ್ತನ ದೇಹ, ನಿನಗೋಸ್ಕರ," ಎಂದರು ಪಾದ್ರಿಗಳು.

ಅಂಗಡಿಯ ರೊಟ್ಟಿ. ಉಪ್ಪು ಕಡಿಮೆ, ನಾದಿದ್ದೂ ಸಾಲದು ಎಂದು ನಾಲಗೆ ರೂಢಿಯಂತೆ ಹೇಳಿತು. ಆಮೇಲೆ ಅದೂ ಸುಮ್ಮನಾಯಿತು. ನಿನಗೋಸ್ಕರ ಎಂಬ ಆ ಒಂದು ಮಾತಿನ ಮುಂದೆ ಹೇಳಿಕೊಳ್ಳಲು ಅವನ ಬಳಿ ಒಂದೂ ಒಳ್ಳೆಯ ಕೆಲಸ ಇರಲಿಲ್ಲ, ಮುಚ್ಚಿಡಲು ಒಂದೂ ಸುಳ್ಳು ಇರಲಿಲ್ಲ. ಇದ್ದಹಾಗೆಯೇ ಇದ್ದ. ಇದ್ದಹಾಗೆಯೇ ಅವನಿಗೆ ಕೊಟ್ಟಿದ್ದರು. ಭಾವ ಸತ್ತ ದಿನ ಬಾರದಿದ್ದ ಅಳು ಅಲ್ಲಿ ಬಂತು. ಪಾದ್ರಿಗಳು ಅವನು ಮುಗಿಸುವವರೆಗೂ ಕಾದರು.

ಅವತ್ತು ಮಧ್ಯಾಹ್ನ ಕೋಣೆಗೆ ಬಂದು ಚಾಪೆಯ ಮೇಲೆ ಒರಗಿದವನಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಸಂಜೆ ಐದೂವರೆ. ಮಗ್ಗುಲು ಕೂಡ ಬದಲಿಸಿರಲಿಲ್ಲ. ಭಾವ ಇಲ್ಲ ಎಂಬುದು ಎಚ್ಚರದೊಂದಿಗೇ ಬಂತು, ಎಂದಿನಂತೆ. ಆದರೆ ಅದು ಈಗ ಬರಿಯ ದುಃಖವಾಗಿತ್ತು. ಜೊತೆಯಲ್ಲಿ ಬರುತ್ತಿದ್ದ ಆ ಇನ್ನೊಂದು, ಬಾಗಿಲಿಗೆ ಅಗುಳಿ ಹಾಕಿದೆನೇ ಎಂದು ಮತ್ತೆ ಮತ್ತೆ ನೋಡುವಂಥ ಭಯ, ಬಂದಿರಲಿಲ್ಲ. ಗೆಳೆಯನಂಥ ಭಾವನೊಬ್ಬ ಸತ್ತುಹೋದನಲ್ಲ ಎಂದು ಮೊದಲ ಸಲ ಅನಿಸಿತು. ಮುಖ ತೊಳೆದುಕೊಂಡು ಕಿಟಕಿ ತೆರೆದ.

ಗೋದಾಮಿನಲ್ಲಿ ಚೀಲ ಇಳಿಸಿದ. ಚಹಾ ಒಬ್ಬನೇ ಕುಡಿದ. ಮೊದಲ ಭಾನುವಾರಗಳಲ್ಲಿ ಮುಂದೆ ಹೋದ. ತಂಗಿಯ ಬೀದಿಗೆ ಕಾಲಿಡಲಿಲ್ಲ. ಗೇಟಿನಲ್ಲಿ ಪುಟ್ಟಿ ಎದುರಾದರೆ ಅವಳು ತಲೆ ತಗ್ಗಿಸಿ ದಾಟುವಳು. ಅವಳು ಬಿಟ್ಟು ಹೋಗಬಹುದೆಂದು ಎಲ್ಲರೂ ಅಂದುಕೊಂಡಿದ್ದರು, ಅವಳು ಬಿಡಲಿಲ್ಲ. ಹೀಗೆ ನಾಲ್ಕು ತಿಂಗಳು.

ಒಂದು ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಬಾಗಿಲಲ್ಲಿ ತಂಗಿ. ಕೂದಲು ಇನ್ನಷ್ಟು ನರೆತಿತ್ತು. ಕೈಯಲ್ಲೊಂದು ಉದ್ದನೆಯ ಲಕೋಟೆ.

"ಇಲಾಖೆಯಿಂದ ಬಂತು," ಎಂದಳು. "ಮೃತರ ಕಡೆಯಿಂದ ಯಾವುದೇ ನಿರ್ಲಕ್ಷ್ಯ ಇರಲಿಲ್ಲ ಅಂತ ಬರೆದಿದ್ದಾರೆ."

ಅವನು ಇದ್ದ ಒಂದು ಕುರ್ಚಿಯನ್ನು ಮುಂದೆ ಸರಿಸಿದ. ಅವಳು ಕೂತಳು, ಕೋಣೆಯನ್ನು ಸುತ್ತ ನೋಡಿದಳು. ಒಂದು ಲೋಟ, ಒಂದು ತಟ್ಟೆ.

"ಕ್ಷಮಿಸಿದೀನಿ ಅಂತ ಹೇಳೋಕೆ ಬಂದಿಲ್ಲ ನಾನು."

"ಗೊತ್ತು."

"ಬಾಯಲ್ಲಿ ಹೇಳಬಹುದು. ಪ್ರಾರ್ಥನೆಯಲ್ಲಿ ಹೇಳ್ತೀನಿ, ಎದ್ದ ಮೇಲೆ ಮತ್ತೆ ಸಿಟ್ಟು ಬರುತ್ತೆ. ದಿನಾ ಹೇಳ್ತೀನಿ, ದಿನಾ ಬರುತ್ತೆ."

"ಬರಲಿ."

"ನೀನು ಬರಲಿ ಅನ್ನಬೇಡ. ನನಗೆ ಅದಕ್ಕೂ ಸಿಟ್ಟು ಬರುತ್ತೆ."

ಅವನು ಚಾಪೆಯ ಮೇಲೆ ಕೂತ. ಅವಳು ಲಕೋಟೆಯನ್ನು ಮಡಿಚಿ ಮಡಿಚಿ ಚಿಕ್ಕದು ಮಾಡಿದಳು.

"ಅವತ್ತಿನ ದಿನ ನನ್ನ ಹತ್ರ ಬೆಳಿಗ್ಗೆ ಐದೂ ಮುಕ್ಕಾಲರವರೆಗೆ ಮಾತ್ರ ಇದೆ," ಎಂದಳು. "ಬಾಗಿಲು ಹಾಕ್ಕೋ ಅಂದ್ರು, ಹಾಕ್ಕೊಂಡೆ. ಮಿಕ್ಕಿದ್ದೆಲ್ಲ ನಿನ್ನ ಹತ್ರ ಇದೆ. ಇಷ್ಟು ವರ್ಷ ಅವತ್ತು ಅವರು ಹೇಗಿದ್ರು ಅಂತ ಕೇಳಿದ್ರೆ ನೀನು ಎದ್ದು ಹೋಗ್ತಿದ್ದೆ. ಯಾಕೆ ಅಂತ ಈಗ ಗೊತ್ತಾಯ್ತು. ನನ್ನ ಗಂಡನ ಎಂಟು ಗಂಟೆ ನಿನ್ನ ಹತ್ರ ಇದೆ ಅಣ್ಣ. ಅದನ್ನ ಕೊಡು."

ಅಣ್ಣ ಎಂಬ ಮಾತು ಅವಳ ಬಾಯಿಂದ ತಾನಾಗಿ ಬಂದಿತ್ತು. ಅವಳು ಅದನ್ನು ಗಮನಿಸಲಿಲ್ಲ. ಅವನು ಗಮನಿಸಿದ.

ಎಲ್ಲಿಂದ ಶುರುಮಾಡಬೇಕೆಂದು ತೋಚಲಿಲ್ಲ. ಬಸ್ಸಿನಿಂದ ಶುರುಮಾಡಿದ. ಬಸ್ಸು ಹತ್ತಿದ ಕೂಡಲೇ ಭಾವ ಕಂಡಕ್ಟರನ ಹೊಸ ಮೀಸೆಯನ್ನು ತಮಾಷೆಗೆ ಹಿಡಿದುಕೊಂಡಿದ್ದ. ಬಾಡಿಗೆಗೆ ತಂದದ್ದಾ, ಸ್ವಂತದ್ದಾ ಎಂದು ಕೇಳಿ ಇಡೀ ಬಸ್ಸನ್ನು ನಗಿಸಿದ್ದ. ಏಳು ಗಂಟೆಗೆ ಮೊದಲ ಹಿಟ್ಟು ಹದ ತಪ್ಪಿತು, ಅದಕ್ಕೆ ಹಾಡು ಹೇಳಿ ಸಮಾಧಾನ ಮಾಡಿದ. ಚರ್ಚಿನಲ್ಲಿ ಹಾಡುವ ರಾಗವೇ, ಆದರೆ ಮಾತೆಲ್ಲ ಈಸ್ಟಿನ ಬಗ್ಗೆ. ಶ್ರುತಿ ಯಥಾಪ್ರಕಾರ ಎಲ್ಲೋ.

"ಅವರಿಗೆ ಶ್ರುತಿ ಎಲ್ಲಿತ್ತು," ಎಂದಳು ತಂಗಿ. ಅವಳ ತುಟಿ ಅಲುಗಿತು.

"ಒಂಬತ್ತಕ್ಕೆ ತಿಂಡಿ ಬಿಚ್ಚಿದ. ನೀನು ಕಟ್ಟಿಕೊಟ್ಟಿದ್ರಲ್ಲಿ ಉಪ್ಪು ಜಾಸ್ತಿ ಆಗಿತ್ತು."

"ಆಗಿರಲಿಲ್ಲ."

"ಆಗಿತ್ತು. ಅವನೇ ಹೇಳ್ದ. ನನ್ನ ಹೆಂಡತಿಗೆ ನನ್ನ ಮೇಲೆ ಪ್ರೀತಿ ಹೆಚ್ಚಾದಾಗಲೆಲ್ಲ ಉಪ್ಪು ಎರಡು ಸಲ ಬೀಳುತ್ತೆ ಅಂತ. ಒಂದು ಅಗುಳೂ ಬಿಡದೆ ತಿಂದ. ಆಮೇಲೆ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಪುಟಾಣಿ ಹಲ್ಲು ತೆಗೆದು ಎಲ್ಲರಿಗೂ ತೋರಿಸ್ದ. ನನ್ನ ಮಗಳು ನಿನ್ನೆ ತನ್ನ ಕೈಯಾರೆ ಕಿತ್ಕೊಂಡಳು, ಅಳಲಿಲ್ಲ ಅಂತ."

"ನನ್ನ ಹಲ್ಲಾ?"

ಧ್ವನಿ ಮೆಟ್ಟಿಲ ಕಡೆಯಿಂದ ಬಂತು. ಪುಟ್ಟಿ ಇಷ್ಟು ಹೊತ್ತು ಬಾಗಿಲಾಚೆ ಮೆಟ್ಟಿಲ ಮೇಲೆ ಕೂತಿದ್ದಳು. ಎದ್ದು ಹೊಸಿಲಲ್ಲಿ ನಿಂತಳು. "ಹಲ್ಲು ಅಪ್ಪ ತಗೊಂಡು ಹೋಗಿದ್ರಾ? ನಾನು ಎಲ್ಲಾ ಕಡೆ ಹುಡುಕಿದ್ದೆ."

"ಅವನೇ ತಂದಿದ್ದ. ಒಲೆಯ ಮುದುಕನಿಗೂ ತೋರಿಸ್ದ. ನಿಮಗೆ ಇದೊಂದಾದ್ರೂ ಇದ್ದಿದ್ರೆ ಬ್ರೆಡ್ಡಿನ ಅಂಚು ತಿನ್ನಬಹುದಿತ್ತು ತಾತ, ಅಂದ."

ತಂಗಿ ನಕ್ಕಳು. ಆ ನಗು ಅವಳಿಗೇ ಗೊತ್ತಿಲ್ಲದೆ ಹೊರಬಿದ್ದು ಅರ್ಧದಲ್ಲಿ ಮುರಿಯಿತು. ಸೆರಗು ಬಾಯಿಗೆ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಹನ್ನೊಂದು ವರ್ಷದಲ್ಲಿ ಗಂಡನ ಮೇಲಿನ ಸಿಟ್ಟಿಲ್ಲದೆ ಅತ್ತದ್ದು ಅದೇ ಮೊದಲು. ಮೇಸ್ತ್ರಿ ಸಮಾಧಾನ ಹೇಳಲು ಹೋಗಲಿಲ್ಲ, ಎದ್ದೂ ಹೋಗಲಿಲ್ಲ. ಪುಟ್ಟಿ ಒಳಗೆ ಬಂದು ಚಾಪೆಯ ಆ ತುದಿಯಲ್ಲಿ, ಮಾವನಿಂದ ಒಂದು ಮೊಳ ದೂರದಲ್ಲಿ, ಮೊಣಕಾಲು ಅಪ್ಪಿಕೊಂಡು ಕೂತಳು.

ತಂಗಿ ಕಣ್ಣೊರೆಸಿಕೊಂಡಳು. ಅವನು ಹೇಳಿದ್ದು ಒಂಬತ್ತೂವರೆಯವರೆಗೆ ಬಂದಿತ್ತು. ಅಲ್ಲಿಂದ ಎರಡೂಕಾಲರವರೆಗೆ ಇನ್ನೂ ಹೇಳುವುದಿತ್ತು. ಅದರ ಕೊನೆಯಲ್ಲಿ ಏನಿದೆಯೆಂದು ಮೂವರಿಗೂ ಗೊತ್ತಿತ್ತು.

"ಆಮೇಲೆ?" ಎಂದಳು ತಂಗಿ.

ಅವನು ಹೇಳಿದ.